ಬಿಸ್ಕೆಟ್ ಕಚ್ಚಿದ ಬೂಟು ಮತ್ತು ಅಮೆರಿಕದ ಸಂವಿಧಾನ

ಕಳೆದ ತಿಂಗಳು ನ್ಯೂಜಿಲೆಂಡಿನ ಬಾಟನಿ ಡೌನ್ಸಿನಲ್ಲಿ ನಡೆದ ನಮ್ಮ ಕನ್ನಡ ಕೂಟದ ಊಟದಲ್ಲಿ ಸಿಂಚನಾ ಎಂಬ ಹುಡುಗಿ ತಟ್ಟೆ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತಳು. ಹಾಸನದಿಂದ ಓದಲು ಬಂದು ಇಲ್ಲೇ ಉಳಿದವಳು. "ಅಂಕಲ್, ನಂಗೆ ಕೌನ್ಸಿಲ್‌ನಲ್ಲಿ ಅನಿಮಲ್ ಕಂಟ್ರೋಲ್ ಆಫೀಸರ್ ಜಾಬ್ ಸಿಕ್ಕಿದೆ. ನೀವು ಹತ್ತೊಂಬತ್ತು ವರ್ಷ ಅದೇ ಮಾಡಿದ್ರಂತೆ. ಏನಾದ್ರೂ ಟಿಪ್ಸ್ ಕೊಡಿ" ಅಂದಳು. ಎದುರಿಗಿದ್ದ ಆಂಟಿಯೊಬ್ಬರು ಹೋಳಿಗೆ ಮುರಿಯುವುದನ್ನು ನಿಲ್ಲಿಸಿ ಅವಳನ್ನು ಅಯ್ಯೋ ಪಾಪ ಎಂಬಂತೆ ನೋಡಿದರು. ಆ ನೋಟದ ಪರಿಚಯ ನನಗೆ ಚೆನ್ನಾಗಿದೆ. "ಲಾಯರ್ ಆಗಿದ್ರಂತೆ, ಈಗ ನಾಯಿ ಹಿಡೀತಾರಂತೆ" ಎಂದು ನನ್ನ ಬೆನ್ನ ಹಿಂದೆ, ಕೆಲವು ಸಲ ಮುಖದ ಎದುರಿಗೇ, ಹೇಳಿದವರು ಬಹಳ ಜನ. ಅವರು ಹೇಳಿದ್ದು ಸುಳ್ಳೇನಲ್ಲ.

ಸಿಂಚನಾ ಕೇಳಿದ ಟಿಪ್ಸ್ ಇವು. ಬಡ್ತಿಯ ವಿಷಯ ಬರೆಯುವುದಿಲ್ಲ, ಏಕೆಂದರೆ ಬಡ್ತಿ ಬರಲಿಲ್ಲ. ಯಾವ ಕೌನ್ಸಿಲ್ ಎಂದೂ ಹೇಳುವುದಿಲ್ಲ. ಅಲ್ಲಿದ್ದವರು ಇನ್ನೂ ಇದ್ದಾರೆ, ನಾಯಿಗಳೂ ಕೆಲವು ಇವೆ.

ನಾನು ಮೈಸೂರಿನಲ್ಲಿ ಸಂಜೆ ಕಾಲೇಜಿನಲ್ಲಿ ಕಾನೂನು ಓದಿದವನು. ಸಂವಿಧಾನದ ಪಾಠ ಹೇಳುತ್ತಿದ್ದ ನಮ್ಮ ಮೇಷ್ಟ್ರಿಗೆ ಅಮೆರಿಕದ ಸಂವಿಧಾನವೆಂದರೆ ಪ್ರಾಣ. ಆ ದೇಶದ ತಿದ್ದುಪಡಿಗಳನ್ನು ಒಂದೊಂದಾಗಿ ನಮ್ಮಿಂದ ಬಾಯಿಪಾಠ ಮಾಡಿಸಿದ್ದರು. ಒಂದನೆಯದು ಮಾತಿನ ಸ್ವಾತಂತ್ರ್ಯ, ನಾಲ್ಕನೆಯದು ಸಕಾರಣವಿಲ್ಲದೆ ಮನೆ ಶೋಧಿಸಬಾರದು, ಐದನೆಯದು ನಿನ್ನ ವಿರುದ್ಧ ನೀನೇ ಸಾಕ್ಷಿ ಹೇಳಬೇಕಾಗಿಲ್ಲ. ನಂಜನಗೂಡಿನ ಕೋರ್ಟಿನಲ್ಲಿ ಎಂಟು ವರ್ಷ ಗದ್ದೆಯ ಬದುವಿನ ತಕರಾರು ನಡೆಸಿದೆ, ಅಲ್ಲಿ ಇವು ಒಂದೂ ಕೆಲಸಕ್ಕೆ ಬರಲಿಲ್ಲ. ನನ್ನ ಹೆಂಡತಿ ವಸುಧಾಳಿಗೆ ಇಲ್ಲಿಯ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತೆಂದು ನ್ಯೂಜಿಲೆಂಡಿಗೆ ಬಂದೆವು. ಇಲ್ಲಿ ವಕೀಲಿ ಮಾಡಬೇಕಾದರೆ ಮತ್ತೆ ಪರೀಕ್ಷೆಗೆ ಕೂರಬೇಕು ಅಂದರು. ನಲವತ್ತೈದು ದಾಟಿತ್ತು, ಪರೀಕ್ಷೆಯ ಹೆಸರು ಕೇಳಿದರೇ ಬೆವರು ಬರುತ್ತಿತ್ತು. ಕೌನ್ಸಿಲ್‌ನಲ್ಲಿ, ಅಂದರೆ ಇಲ್ಲಿಯ ನಗರಸಭೆಯಲ್ಲಿ, ನಾಯಿ ಹಿಡಿಯುವ ಕೆಲಸ ಖಾಲಿ ಇತ್ತು. ಸೇರಿದೆ, ಅಲ್ಲಿ ಎಲ್ಲರ ಬಾಯಲ್ಲೂ ಶ್ರೀ ಆದೆ.

ಅಮೆರಿಕದ ತಿದ್ದುಪಡಿಗಳು ಉಪಯೋಗಕ್ಕೆ ಬಂದದ್ದು ಅಲ್ಲಿ.

ನ್ಯೂಜಿಲೆಂಡಿಗೂ ಒಂದು ಹಕ್ಕುಗಳ ಕಾಯಿದೆ ಇದೆ, ಒಳ್ಳೆಯ ಕಾಯಿದೆ. ಆದರೆ ಹತ್ತೊಂಬತ್ತು ವರ್ಷದಲ್ಲಿ ಒಬ್ಬನೇ ಒಬ್ಬ ನಾಯಿಯ ಯಜಮಾನ ಬಾಗಿಲಲ್ಲಿ ಅದರ ಹೆಸರೆತ್ತಿದ್ದನ್ನು ನಾನು ಕೇಳಿಲ್ಲ. ಅದರ ಮೇಲೆ ಯಾರೂ ಟೀವಿ ಧಾರಾವಾಹಿ ಮಾಡಿಲ್ಲವಲ್ಲ. ಎಲ್ಲರೂ ಹೇಳುತ್ತಿದ್ದದ್ದು ಅಮೆರಿಕದ್ದನ್ನೇ. ಒಂದು ವಿದ್ಯಾರ್ಥಿಗಳ ಫ್ಲ್ಯಾಟಿನಲ್ಲಿ ಬೀದಿ ಸುತ್ತುತ್ತಿದ್ದ ನಾಯಿಯನ್ನು ವ್ಯಾನಿಗೆ ಹತ್ತಿಸುವಾಗ ಹುಡುಗನೊಬ್ಬ, "ನೀನು ಮೊದಲು ನನ್ನ ಹಕ್ಕುಗಳನ್ನು ಓದಿ ಹೇಳಬೇಕು" ಎಂದು ಅಡ್ಡ ನಿಂತ. ಅಮೆರಿಕದಲ್ಲೂ ಅದು ಬಂಧಿಸಿ ವಿಚಾರಣೆ ಮಾಡುವಾಗ ಮಾತ್ರ, ನಾನು ನಿನ್ನನ್ನು ಬಂಧಿಸುತ್ತಿಲ್ಲ, ನಾಯಿಯನ್ನಷ್ಟೇ ಒಯ್ಯುತ್ತಿದ್ದೇನೆ ಅಂದೆ. ಅವನು ಸ್ವಲ್ಪ ಯೋಚಿಸಿ, "ಹಾಗಾದರೆ ನಾಯಿಗೆ ಓದು" ಅಂದ. ವಾದ ಮಾಡುವುದಕ್ಕಿಂತ ಓದುವುದೇ ಬೇಗ ಮುಗಿಯುತ್ತಿತ್ತು. ಮೌನವಾಗಿರುವ ಹಕ್ಕಿದೆ, ವಕೀಲನನ್ನು ಇಟ್ಟುಕೊಳ್ಳುವ ಹಕ್ಕಿದೆ ಎಂದು ಅದರ ಮುಖ ನೋಡಿ ಪೂರ್ತಿ ಹೇಳಿದೆ. ಅದು ಬಾಲ ಅಲ್ಲಾಡಿಸುತ್ತ ಕೇಳಿಸಿಕೊಂಡು ತಾನಾಗಿಯೇ ವ್ಯಾನು ಹತ್ತಿತು.

ಇನ್ನೊಬ್ಬ ದೊಡ್ಡ ಯೂಟ್, ಅಂದರೆ ಹಿಂಬದಿ ತೆರೆದ ಪಿಕಪ್ ಗಾಡಿ, ಇಟ್ಟುಕೊಂಡಿದ್ದ ಮನುಷ್ಯ. ಆಯುಧ ಹೊಂದುವುದು ತನ್ನ ಎರಡನೇ ತಿದ್ದುಪಡಿಯ ಹಕ್ಕು, ತನ್ನ ನಾಯಿಯೇ ತನ್ನ ಆಯುಧ ಅಂದ. "ನೋಡು, ನಿನ್ನ ನಾಯಿ ಆಯುಧ ಅಂತ ನೀನು ಇನ್ನೊಂದು ಸಲ ಹೇಳಿದರೆ ನಾನು ಬರೆದುಕೊಳ್ಳಬೇಕಾಗುತ್ತದೆ" ಅಂದೆ. ಅವನು ತಕ್ಷಣ ಅದು ಸೋಫಾ ಮೇಲೆ ಮಲಗುವ ಮಗು ಅಂದ.

ಹೀಗೆ ನಾಲ್ಕೈದು ಆದ ಮೇಲೆ ನಮ್ಮ ಮ್ಯಾನೇಜರ್ ಮಾರ್ಗರೆಟ್, ಅಮೆರಿಕ ಎಂಬ ಶಬ್ದ ಬಂದ ದೂರುಗಳನ್ನೆಲ್ಲ ನನ್ನ ಮೇಜಿಗೇ ಹಾಕತೊಡಗಿದಳು. ಮಾರ್ಗರೆಟ್ ಕೆಟ್ಟವಳಲ್ಲ. ಫಾರ್ಮಿನಲ್ಲಿ ಬರೆದದ್ದು ಮಾತ್ರ ನಡೆದದ್ದು, ಬರೆಯದೆ ಇದ್ದದ್ದು ನಡೆದೇ ಇಲ್ಲ ಎಂಬ ಒಂದೇ ನಂಬಿಕೆಯ ಮೇಲೆ ಇಡೀ ವಿಭಾಗವನ್ನು ನಡೆಸಿದವಳು. ನಾನು ಸೇರಿದಾಗ ಜೇಬಿನಲ್ಲೊಂದು ನೋಟ್‌ಬುಕ್ ಇರುತ್ತಿತ್ತು. ನಾಯಿಗೆ ಸಿಟ್ಟು ಬಂದಿತ್ತು, ಯಜಮಾನನಿಗೆ ಅದಕ್ಕಿಂತ ಜಾಸ್ತಿ ಬಂದಿತ್ತು ಎಂದೆಲ್ಲ ಬರೆಯಬಹುದಾಗಿತ್ತು. ಆಮೇಲೆ ಟ್ಯಾಬ್ಲೆಟ್ ಬಂತು. ಅದರಲ್ಲಿ ಬರೆಯುವ ಹಾಗಿಲ್ಲ, ಪಟ್ಟಿಯಿಂದ ಆರಿಸಬೇಕು.

ಅಮೆರಿಕದ ಲೆಕ್ಕದಲ್ಲಿ ನನ್ನ ಪಾಲಿಗೆ ಬಂದವನು ಕೀತ್. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತನಾಗಿ, ಮರದ ಹಲಗೆಯ ಒಂದು ಪುಟ್ಟ ಬಾಡಿಗೆ ಮನೆಯಲ್ಲಿ ಬಿಸ್ಕೆಟ್ ಎಂಬ ಕಂದು ನಾಯಿಯೊಂದಿಗೆ ಇದ್ದವನು. ಬೆಳಗಿನಿಂದ ಸಂಜೆಯ ತನಕ ಅಮೆರಿಕದ ಕೋರ್ಟಿನ ವಿಡಿಯೋಗಳನ್ನು ನೋಡುತ್ತಿದ್ದ. ಬಿಸ್ಕೆಟ್ ವಿಪರೀತ ಬೊಗಳುತ್ತದೆ ಎಂದು ಪಕ್ಕದ ಮನೆಯವರ ದೂರು.

ಸಿಂಚನಾ, ಇಲ್ಲೊಂದು ವಿಷಯ ಹೇಳಬೇಕು. ನಮ್ಮ ಕೆಲಸದಲ್ಲಿ ಅಂಗಳಕ್ಕೆ ಹೋಗಬಹುದು. ಮನೆಯೊಳಗೆ ಹೋಗಬೇಕಾದರೆ ವಾರಂಟ್ ಇರಬೇಕು, ಇಲ್ಲವೇ ಮನೆಯವರು ಒಳಗೆ ಕರೆಯಬೇಕು. ತರಬೇತಿಯ ಮೊದಲನೇ ದಿನವೇ ನಿನಗೂ ಹೇಳಿರುತ್ತಾರೆ. ನನಗೂ ಹೇಳಿದ್ದರು.

ಮೊದಲ ಸಲ ಹೋದಾಗ ಕೀತ್ ಬಾಗಿಲಿಗೆ ಅಡ್ಡಲಾಗಿ ಕೈಕಟ್ಟಿ ನಿಂತಿದ್ದ. "ವಾರಂಟ್ ಇದೆಯಾ? ನಾಲ್ಕನೇ ತಿದ್ದುಪಡಿಯ ಪ್ರಕಾರ..." ಎಂದು ಶುರುಮಾಡಿದ. ನಾನು ಕೇಳಿಸಿಕೊಳ್ಳುತ್ತ, ಅಭ್ಯಾಸಬಲ, ಬಗ್ಗಿ ಬೂಟಿನ ಲೇಸು ಬಿಚ್ಚುತ್ತಿದ್ದೆ. ಹೊಸ್ತಿಲು ಕಂಡರೆ ನನ್ನ ಕೈ ತಾನಾಗಿಯೇ ಕಾಲಿನ ಕಡೆ ಹೋಗುತ್ತದೆ. ಪಾದರಕ್ಷೆ ಹಾಕಿಕೊಂಡು ಒಬ್ಬರ ಮನೆಯ ಮುಂದೆ ನಿಂತು ಮಾತಾಡುವುದೇ ನನಗೆ ಅಸಹ್ಯ. ಬೂಟುಗಳನ್ನು ಜೋಡಿಸಿ ಗೋಡೆಗೆ ಒತ್ತರಿಸಿಟ್ಟು, ಕಾಲುಚೀಲದಲ್ಲಿ ಎದ್ದುನಿಂತೆ. ಕೀತ್ ನನ್ನ ಪಾದಗಳನ್ನು ನೋಡಿದ. ಹೆಬ್ಬೆರಳಿನ ಹತ್ತಿರ ಒಂದು ತೂತು ಇತ್ತು. ಅವನು ಪಕ್ಕಕ್ಕೆ ಸರಿದ. "ನನ್ನ ಅನುಮತಿಯಿಲ್ಲದೆ ಸರ್ಕಾರದವರು ಯಾರೂ... ಚಹಾಕ್ಕೆ ಹಾಲು ಹಾಕಲಾ?" ಅಂದ. ಹಾಕು ಅಂದೆ.

ಆಮೇಲೆ ದೂರು ಬಂದಾಗಲೆಲ್ಲ ಹೋದೆ. ದೂರು ವಾರಕ್ಕೊಂದು ಬರುತ್ತಿತ್ತು. ಬೊಗಳುವುದು ಬಿಸ್ಕೆಟ್‌ನ ಅಭಿವ್ಯಕ್ತಿ, ಅದಕ್ಕೆ ಒಂದನೇ ತಿದ್ದುಪಡಿಯ ರಕ್ಷಣೆ ಇದೆ ಎಂಬುದು ಕೀತನ ವಾದ. ಇದು ಅಮೆರಿಕ ಅಲ್ಲ ಎಂದು ಹೇಳಿ ಎದ್ದು ಬರಬಹುದಾಗಿತ್ತು. ಆದರೆ ಮೂವತ್ತು ವರ್ಷದಿಂದ ಈ ವಿಷಯವನ್ನು ನನ್ನ ಹತ್ತಿರ ಯಾರೂ ಹೀಗೆ ಕೂತು ಚರ್ಚಿಸಿರಲಿಲ್ಲ. "ಅಲ್ಲಿಯೂ ಮಿತಿ ಇದೆ ಕೀತ್. ನಾಯಿ ಏನು ಹೇಳುತ್ತಿದೆ ಅನ್ನುವುದಕ್ಕೆ ಸರ್ಕಾರದ ಆಕ್ಷೇಪಣೆ ಇರಬಾರದು, ಸರಿ. ಆದರೆ ಯಾವ ಹೊತ್ತಿನಲ್ಲಿ, ಯಾವ ಜಾಗದಲ್ಲಿ, ಎಷ್ಟು ಜೋರಾಗಿ ಅನ್ನುವುದಕ್ಕೆ ನಿಯಮ ಮಾಡಬಹುದು" ಎಂದು ನಾನು. "ಅಂಚೆಯವನನ್ನು ಕಂಡು ಬೊಗಳಿದರೆ ಅದು ರಾಜಕೀಯ ಭಾಷಣ" ಎಂದು ಅವನು. ಜಿಂಜರ್ ನಟ್ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತಿನ್ನುತ್ತ ಒಂದೊಂದು ಗಂಟೆ ಕೂರುತ್ತಿದ್ದೆವು. ನಾವು ಒಳಗೆ ವಾದ ಮಾಡುತ್ತಿರುವಷ್ಟು ಹೊತ್ತು ನಾಯಿ ಬೊಗಳುತ್ತಿರಲಿಲ್ಲ ಎಂಬುದು ಮಾತ್ರ ನಿಜ.

ಹಾಗಿರುವಾಗ ಒಂದು ಮಂಗಳವಾರ ಹೊರಗೆ ಬಂದು ನೋಡಿದರೆ ಎಡಗಾಲಿನ ಬೂಟು ಇಲ್ಲ. ನಿಂಬೆ ಗಿಡದ ಹಿಂದೆ ಬಿಸ್ಕೆಟ್ ಬೂಟಿನ ನಾಲಗೆ ಕಿತ್ತು, ಹಿಮ್ಮಡಿ ಅಗಿದು, ಬಹಳ ಸಂತೃಪ್ತಿಯಿಂದ ಮಲಗಿತ್ತು. ಒಂದೇ ಬೂಟಿನಲ್ಲಿ ಕುಂಟುತ್ತ ಆಫೀಸಿಗೆ ಬಂದೆ.

ಅದು ಕೌನ್ಸಿಲ್ ಕೊಟ್ಟ ಬೂಟು. ಹೊಸ ಜೋಡಿ ಬೇಕಾದರೆ ಟ್ಯಾಬ್ಲೆಟ್‌ನಲ್ಲಿ ವರದಿ ಹಾಕಬೇಕು. ಘಟನೆಯ ಬಗೆ ಎಂದು ಕೇಳಿತು. ಬೊಗಳುವಿಕೆ, ಅಲೆದಾಟ, ಮೈಮೇಲೆ ನುಗ್ಗುವಿಕೆ, ದಾಳಿ, ಇವು ನಾಲ್ಕೇ. ಬೂಟು ಕದಿಯುವಿಕೆ ಇರಲಿಲ್ಲ. ದಾಳಿ ಒತ್ತಿದೆ. ಯಾರ ಮೇಲೆ, ಮನುಷ್ಯನೋ ಪ್ರಾಣಿಯೋ ಅಂತು. ಬೂಟು ಮನುಷ್ಯನದು, ಮನುಷ್ಯ ಒತ್ತಿದೆ. ಯಾವ ಭಾಗ? ಎಡಗಾಲು. ಎಷ್ಟು ಹಾನಿ? ಅಲ್ಪ, ಗಂಭೀರ, ಪೂರ್ಣ ನಷ್ಟ. ಆ ಬೂಟು ಇನ್ನು ಉಪಯೋಗಕ್ಕಿಲ್ಲ, ಪೂರ್ಣ ನಷ್ಟ ಒತ್ತಿ ಕಳಿಸಿ ಮನೆಗೆ ಹೋದೆ.

ಮರುದಿನ ಬೆಳಗ್ಗೆ ಆಫೀಸಿಗೆ ಹೋದರೆ ನನ್ನ ಮೇಜಿನ ಮೇಲೆ ಹೂವಿನ ಗುಚ್ಛ. ಸಿಬ್ಬಂದಿ ಕ್ಷೇಮದ ಕಡೆಯಿಂದ ಆಪ್ತಸಲಹೆಗೆ ಆಹ್ವಾನ. ಗಾಲಿಕುರ್ಚಿಗೆ ನಮ್ಮ ಬಾಗಿಲಿನ ಅಗಲ ಸಾಲುತ್ತದೆಯೇ ಎಂದು ಒಬ್ಬ ಟೇಪು ಹಿಡಿದು ಅಳೆಯುತ್ತಿದ್ದ. ನಾನು ಮಾರ್ಗರೆಟ್ ಕೋಣೆಗೆ ಎರಡು ಕಾಲಿನಲ್ಲಿ ನಡೆದು ಹೋದೆ.

"ಮಾರ್ಗರೆಟ್, ನನ್ನ ಕಾಲು ಇದೆ" ಅಂದೆ.

ಅವಳು ಕಾಲು ನೋಡಿದಳು. ಆಮೇಲೆ ಕಂಪ್ಯೂಟರ್ ಪರದೆ ನೋಡಿದಳು. "ಸಂತೋಷ, ಶ್ರೀ. ಆದರೆ ದಾಖಲೆಯಲ್ಲಿ ಇಲ್ಲ" ಅಂದಳು.

"ತಿದ್ದೋಣ."

"ದಾಳಿಗೆ ಒಳಗಾದ ಅಧಿಕಾರಿಯೇ ತಿದ್ದುವ ಹಾಗಿಲ್ಲ. ಒತ್ತಡಕ್ಕೆ ಮಣಿದು ತಿದ್ದಬಹುದಲ್ಲ. ಯಜಮಾನ ಹದಿನಾಲ್ಕು ದಿನದೊಳಗೆ ಲಿಖಿತ ಆಕ್ಷೇಪಣೆ ಹಾಕಿದರೆ ವಿಚಾರಣೆ ನಡೆಯುತ್ತದೆ. ಅಲ್ಲಿ ನೀನು ಹೇಳಬಹುದು."

ಅಷ್ಟು ಹೊತ್ತಿಗೆ ಬಿಸ್ಕೆಟ್, ಹಿಡಿದ ನಾಯಿಗಳನ್ನು ಕೂಡಿಹಾಕುವ ನಮ್ಮ ಪೌಂಡಿನಲ್ಲಿತ್ತು. ಅಧಿಕಾರಿಯ ಕಾಲು ಹೋಗಿದೆ ಎಂದು ನಮ್ಮವರೇ ಇಬ್ಬರು ಬೆಳಗ್ಗೆ ಏಳಕ್ಕೇ ಹೋಗಿ ಎತ್ತಿಕೊಂಡು ಬಂದಿದ್ದರು. ಕೀತನಿಗೆ ಪತ್ರವೂ ತಾನಾಗಿಯೇ ಹೋಗಿತ್ತು, ಅಪಾಯಕಾರಿ ನಾಯಿ ಎಂದು. ಅಪಾಯಕಾರಿ ನಾಯಿಯನ್ನು ಆ ಬಾಡಿಗೆ ಮನೆಯಲ್ಲಿ ಮಾಲೀಕ ಇಡಗೊಡುವುದಿಲ್ಲ. ಬೇರೆ ಯಾರೂ ಸಾಕಲು ಮುಂದೆ ಬರುವುದಿಲ್ಲ. ಪೌಂಡಿನಲ್ಲಿ ಅಂಥ ನಾಯಿಗೆ ಕೊನೆಗೆ ಒಂದು ಇಂಜೆಕ್ಷನ್. ಎಷ್ಟೋ ನಾಯಿಗಳನ್ನು ಆ ಕೋಣೆಯ ತನಕ ನಾನೇ ಕರೆದುಕೊಂಡು ಹೋಗಿದ್ದೇನೆ. ಒಂದು ಜೊತೆ ಬೂಟಿನ ಆಸೆಗೆ ಒಂದು ಜೀವದ ಮೇಲೆ ಬೆರಳೊತ್ತಿದ್ದೆ.

ಗಡುವು ಚಿಕ್ಕದು, ಆದರೂ ಆಕ್ಷೇಪಣೆ ಒಂದು ಬಿದ್ದರೆ ಸಾಕು ಎಂದು ಸಮಾಧಾನ ಮಾಡಿಕೊಂಡೆ. ಕೀತ್ ಆಕ್ಷೇಪಣೆ ಹಾಕಲಿಲ್ಲ. ಒಂದು ವಾರ ಕಾದು ಅವನ ಮನೆಗೆ ಹೋದರೆ ಬಾಗಿಲು ಮುಚ್ಚಿತ್ತು. ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಹಾಳೆ: ಐದನೇ ತಿದ್ದುಪಡಿಯ ಪ್ರಕಾರ ನಾನು ಮೌನವಾಗಿದ್ದೇನೆ. ಅವನ ವಿಡಿಯೋಗಳಲ್ಲಿ ಜಾಣ ಕಕ್ಷಿದಾರರೆಲ್ಲ ಬಾಯಿ ಮುಚ್ಚಿಕೊಂಡೇ ಗೆದ್ದಿದ್ದರು. ಏನು ಬರೆದರೂ ತನ್ನ ವಿರುದ್ಧ ಬಳಸುತ್ತಾರೆ ಎಂದು ಅವನು ಪೆನ್ನು ಮುಟ್ಟದೆ ಕೂತಿದ್ದ. ಅಲ್ಲಿ ಪೌಂಡಿನಲ್ಲಿ ಬಿಸ್ಕೆಟ್ ಬೊಗಳುವುದನ್ನೂ ಬಿಟ್ಟಿತ್ತು.

ಮನೆಯಲ್ಲಿ ವಸುಧಾ ಹೇಳಿದಳು, "ಇನ್ನು ಏಳು ತಿಂಗಳಿಗೆ ರಿಟೈರ್ ಆಗೋರು ನೀವು. ಕೌನ್ಸಿಲ್ ವಿರುದ್ಧ ಅವನಿಗೆ ಬುದ್ಧಿ ಹೇಳಿಕೊಡೋಕೆ ಹೋಗಿ ಯಾಕೆ ಹೆಸರು ಕೆಡಿಸ್ಕೋತೀರಿ?" ಪಾತ್ರೆ ತೊಳೆದಿಟ್ಟು ಬಂದು ಅವಳೇ, "ಆ ನಾಯಿ ಊಟ ಮಾಡ್ತಿದೆಯಂತಾ?" ಎಂದು ಕೇಳಿದಳು. ಇಲ್ಲ ಅಂದೆ. "ಹಾಗಾದ್ರೆ ಹೋಗಿ" ಅಂದಳು.

ಹನ್ನೆರಡನೆಯ ದಿನ ಹೋಗಿ ಕೀತನ ಜಗಲಿಯಲ್ಲಿ ಕೂತೆ. ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು, ಧ್ರುವದ ಕಡೆಯಿಂದ ಬೀಸುವ ದಕ್ಷಿಣದ ಗಾಳಿಗೆ ನಡುಗುತ್ತ, ಹಳೆಯ ಮೇಷ್ಟ್ರ ಹಾಗೆ ಪಾಠ ಶುರುಮಾಡಿದೆ. "ಕೀತ್, ಐದನೆಯದು ನಿನ್ನ ಬಾಯಿಗೆ. ನಾಯಿಯ ಪರವಾಗಿ ಮಾತಾಡಬೇಡ ಅಂತ ಅದು ಎಲ್ಲೂ ಹೇಳಿಲ್ಲ."

ಒಳಗೆ ವಿಡಿಯೋದ ಸದ್ದು ನಿಂತಿತು.

"ಐದಾದ ಮೇಲೆ ಆರಿದೆ. ಆರನೆಯದು ಏನು ಹೇಳುತ್ತೆ ಗೊತ್ತಾ? ಆರೋಪ ಮಾಡಿದವನನ್ನು ಎದುರಿಗೆ ನಿಲ್ಲಿಸಿಕೊಂಡು ಪ್ರಶ್ನೆ ಕೇಳುವ ಹಕ್ಕು."

ಹಲಗೆ ಕಿರ್ರೆಂದಿತು. "ಆರೋಪ ಮಾಡಿದ್ದು ಯಾರು?" ಎಂದು ಬಾಗಿಲ ಆಚೆಯಿಂದ ಕೇಳಿದ.

"ನಾನು."

ಬಾಗಿಲು ಎರಡು ಬೆರಳಷ್ಟು ತೆರೆಯಿತು. ಐದಾಗಲಿ ಆರಾಗಲಿ ಕ್ರಿಮಿನಲ್ ಮೊಕದ್ದಮೆಯ ಮಾತು, ಅದೂ ಬೇರೆ ದೇಶದ್ದು ಎಂಬುದನ್ನು ನಾನು ಬೇಕೆಂದೇ ನುಂಗಿಕೊಂಡೆ. ಆ ಸಂದಿಯಲ್ಲಿ ಆಕ್ಷೇಪಣೆಯ ಹಾಳೆ ತೂರಿಸಿದೆ. ಸಹಿಯಾಗಿ ಹೊರಗೆ ಬಂತು.

ವಿಚಾರಣೆ ನಡೆದದ್ದು ಕೌನ್ಸಿಲ್‌ನ ಸಭಾಕೋಣೆಯಲ್ಲಿ, ಮೂವರು ಸದಸ್ಯರ ಮುಂದೆ. ಕೀತ್ ನುಸಿಗುಳಿಗೆ ವಾಸನೆಯ ಸೂಟು ಹಾಕಿಕೊಂಡು, ಹಳದಿ ಹಾಳೆಯ ಪುಸ್ತಕ ಹಿಡಿದು ಬಂದಿದ್ದ. ಅಧ್ಯಕ್ಷೆಯನ್ನು ಮಹಾಪ್ರಭು ಎಂದು ಕರೆದ. ಚಹಾದ ಗಾಡಿ ಒಳಗೆ ಬಂದಾಗ ಎದ್ದುನಿಂತು ಆಕ್ಷೇಪಣೆ ಅಂದ. ಆಮೇಲೆ ನನ್ನ ಬಲಗೈ ಎತ್ತಿಸಿ ಪಾಟೀಸವಾಲು ಶುರುಮಾಡಿದ.

"ಘಟನೆಯ ಹೊತ್ತಿನಲ್ಲಿ ನಿನ್ನ ಎಡಗಾಲು ಎಲ್ಲಿತ್ತು?"

"ನಿನ್ನ ಅಡುಗೆಮನೆಯ ಮೇಜಿನ ಕೆಳಗೆ."

"ಬೂಟು?"

"ಹೊರಗೆ, ಜಗಲಿಯಲ್ಲಿ."

"ಈಗ ಎಡಗಾಲು ಎಲ್ಲಿದೆ?"

ಎತ್ತಿ ತೋರಿಸಿದೆ. ಎಡಗಾಲು ಸ್ವಸ್ಥಾನದಲ್ಲಿದೆ ಎಂದು ದಾಖಲಿಸಿಕೊಳ್ಳಲು ಅಧ್ಯಕ್ಷೆ ಹೇಳಿದರು. ಮಾರ್ಗರೆಟ್ ಬರೆದುಕೊಂಡಳು, ಅವಳಿಗೂ ನಿರಾಳವಾದಂತೆ ಕಂಡಿತು. ಕೇಸು ಅಲ್ಲಿಗೆ ಮುಗಿದಿತ್ತು. ಕೀತ್ ಕೂತಿದ್ದರೆ ಎಲ್ಲರೂ ನಗುತ್ತ ಮನೆಗೆ ಹೋಗುತ್ತಿದ್ದೆವು. ಆದರೆ ಅವನ ವಿಡಿಯೋಗಳಲ್ಲಿ ಯಾವ ವಕೀಲನೂ ಗೆದ್ದ ಕೂಡಲೇ ಕೂತವನಲ್ಲ.

"ನೀನು ನನ್ನ ಅಡುಗೆಮನೆಯಲ್ಲಿ ಏಕಿದ್ದೆ? ವಾರಂಟ್ ಇತ್ತಾ?"

"ಇರಲಿಲ್ಲ."

"ಹಾಗಾದರೆ ನಾನು ಒಳಗೆ ಬಾ ಅಂದಿದ್ದೆನಾ?"

ಹೌದು ಎನ್ನಲು ಬಾಯಿ ತೆರೆದೆ. ಅವನ ಬಾಗಿಲಲ್ಲಿ ನಿಂತ ಅಷ್ಟೂ ಸಲವನ್ನು ಜ್ಞಾಪಿಸಿಕೊಂಡೆ. ಹಾಲು ಹಾಕಲಾ ಅಂದಿದ್ದ. ಸಕ್ಕರೆ ಎಷ್ಟು ಅಂದಿದ್ದ.

"ಇಲ್ಲ" ಅಂದೆ.

"ಒಂದು ಸಲವಾದರೂ?"

"ಇಲ್ಲ."

ಮಾರ್ಗರೆಟ್ ಪೆನ್ನು ಕೆಳಗಿಟ್ಟಳು. ಕೀತ್ ತನ್ನ ಹಳದಿ ಹಾಳೆ ನೋಡಿದ. ಅದರಲ್ಲಿ ಮುಂದಿನ ಪ್ರಶ್ನೆ ಇರಲಿಲ್ಲವೆಂದು ಕಾಣುತ್ತದೆ. ನಾನು ಇಲ್ಲ ಎನ್ನುತ್ತೇನೆಂದು ಅವನೂ ಎಣಿಸಿರಲಿಲ್ಲ. ಮೆಲ್ಲಗೆ ಕೂತುಬಿಟ್ಟ.

ನಾನು ನಿಂತೇ ಇದ್ದೆ. ಹತ್ತೊಂಬತ್ತು ವರ್ಷ ಎಷ್ಟು ಮನೆಗಳೊಳಗೆ ಹೀಗೆ ಹೋಗಿದ್ದೆ! ಬೂಟು ಬಿಚ್ಚಿ ತೂತಿನ ಕಾಲುಚೀಲದಲ್ಲಿ ನಿಂತವನನ್ನು ಯಾರು ತಾನೇ ಹೊರಗೆ ಹೋಗು ಅಂದಾರು? ಹೆಚ್ಚಿನವರು ಪಕ್ಕಕ್ಕೆ ಸರಿದಿದ್ದರು. ಸರಿದದ್ದನ್ನೇ ಒಪ್ಪಿಗೆ ಅಂದುಕೊಂಡಿದ್ದೆ. ಚಹಾ ಕುಡಿದು, ನಯವಾಗಿ ಮಾತಾಡಿ, ಅವರ ಅಡುಗೆಮನೆಯಿಂದಲೇ ಅವರ ನಾಯಿಗಳನ್ನು ಕರೆದುಕೊಂಡು ಬಂದಿದ್ದೆ. ಸಹೋದ್ಯೋಗಿಗಳು ಬಾಗಿಲಲ್ಲಿ ಬೈಸಿಕೊಂಡು ಬರಿಗೈಲಿ ಬರುವಾಗ, ಶ್ರೀ ಹೋದರೆ ಕೆಲಸ ಆಗುತ್ತದೆ ಎಂದು ಹೊಗಳಿಸಿಕೊಂಡಿದ್ದೆ. ನಾಲ್ಕನೇ ತಿದ್ದುಪಡಿ ನನಗೆ ಅಕ್ಷರ ಬಿಡದೆ ಬಾಯಿಪಾಠ ಬರುತ್ತಿತ್ತು. ಆ ಕೋಣೆಯಲ್ಲಿ ನಿಂತು ನನಗೆ ನಿಜವಾಗಿ ನಾಚಿಕೆಯಾಯಿತು.

ಬಿಸ್ಕೆಟ್‌ಗೆ ಬಿಡುಗಡೆಯಾಯಿತು. ಒಳಗೆ ಪಾದವಿಲ್ಲದ ಬೂಟನ್ನು ಕಚ್ಚುವುದು ಮನುಷ್ಯನ ಮೇಲಿನ ದಾಳಿಯಲ್ಲ ಎಂದು ತೀರ್ಪು. ನನಗೆ ಲಿಖಿತ ಎಚ್ಚರಿಕೆ ಸಿಕ್ಕಿತು, ಸರಿಯಾಗಿಯೇ ಸಿಕ್ಕಿತು. ಮಾರ್ಗರೆಟ್ ಪಾದರಕ್ಷೆಯ ಬಗ್ಗೆ ನಾಲ್ಕು ಪುಟದ ನಿಯಮ ಹೊರಡಿಸಿದಳು. ಟ್ಯಾಬ್ಲೆಟ್‌ನ ಪಟ್ಟಿಗೆ ಐದನೆಯ ಆಯ್ಕೆ ಸೇರಿತು: ಬೂಟು, ಪಾದರಹಿತ. ನಿನ್ನ ಟ್ಯಾಬ್ಲೆಟ್‌ನಲ್ಲೂ ಅಂಥದ್ದು ಕಂಡರೆ ನಗಬೇಡ ಸಿಂಚನಾ, ಅದರ ಹಿಂದೆ ಯಾರದೋ ಕಾಲು ಇರುತ್ತದೆ.

ಬಿಸ್ಕೆಟ್‌ನನ್ನು ಮನೆಗೆ ಮುಟ್ಟಿಸಲು ನಾನೇ ವ್ಯಾನು ತೆಗೆದುಕೊಂಡು ಹೋದೆ. ಕೀತ್ ಬಾಗಿಲು ತೆರೆದ. ನಾಯಿ ಅವನ ಕಾಲ ಸಂದಿಯಲ್ಲಿ ನುಗ್ಗಿ, ಒಳಗೆಲ್ಲ ಒಂದು ಸುತ್ತು ಓಡಿ, ಬಂದು ಅವನ ಪಾದದ ಮೇಲೆ ಕೂತು ಬೊಗಳಿತು. ಕೀತ್ ಕಣ್ಣೊರೆಸಿಕೊಂಡ. ನಾನು ಕಾಲೊರೆಸುವ ಚಾಪೆಯ ಮೇಲೆ ನಿಂತಿದ್ದೆ. ಕೈ ಲೇಸಿನ ಕಡೆ ಹೋಗುತ್ತಿತ್ತು, ಹಿಂದಕ್ಕೆ ಕಟ್ಟಿಕೊಂಡೆ.

ಅವನು ಎಂದಿನಂತೆ ಪಕ್ಕಕ್ಕೆ ಸರಿದ. ನಾನು ಕದಲಲಿಲ್ಲ.

"ಏನು?" ಅಂದ.

"ನೀನು ಹೇಳಬೇಕು."

"ಹೇಳದಿದ್ದರೆ?"

"ಹೋಗುತ್ತೇನೆ."

ಅವನು ನನ್ನನ್ನೂ ನನ್ನ ಹೊಸ ಬೂಟುಗಳನ್ನೂ ಬಹಳ ಹೊತ್ತು ನೋಡಿದ. ಅಷ್ಟೊಂದು ವಿಡಿಯೋ ನೋಡಿದ ಮನುಷ್ಯ, ಈ ಮಾತನ್ನು ಜೀವನದಲ್ಲಿ ಮೊದಲ ಸಲ ಕೇಳುತ್ತಿದ್ದ ಹಾಗಿತ್ತು. ಕೊನೆಗೆ ಹೇಳಿದ, "ಇವತ್ತು ಬೇಡ ಮೇಟ್. ಇವತ್ತು ನಾವಿಬ್ಬರೇ ಇರುತ್ತೇವೆ. ಗುರುವಾರ ಬಾ."

ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಹತ್ತೊಂಬತ್ತು ವರ್ಷದಲ್ಲಿ ನನ್ನ ಮುಖದ ಮುಂದೆ ಮುಚ್ಚಿದ ಬಾಗಿಲುಗಳಲ್ಲಿ ನಾನು ಸಂತೋಷದಿಂದ ಹಿಂತಿರುಗಿದ್ದು ಅದೊಂದರಿಂದಲೇ.

ಗುರುವಾರ ಹೋದೆ. ಚಾಪೆಯ ಮೇಲೆ ನಿಂತೆ. "ಒಳಗೆ ಬಾ" ಅಂದ. ಬೂಟು ಬಿಚ್ಚಿದೆ, ಎರಡನ್ನೂ ಕಂಕುಳಲ್ಲಿ ಇರುಕಿಕೊಂಡು ಒಳಗೆ ಹೋದೆ.